ತಳ ನೋಡುವವನ ಬ್ಯಾಟರಿ

ಮೊನ್ನೆ ಅಟ್ಟದ ಮೇಲಿದ್ದ ಹಳೆಯ ಗೋಣಿಚೀಲ ಕೊಡವಿದಾಗ ಒಳಗಿಂದ ಒಂದು ಕಬ್ಬಿಣದ ಕೊಳವೆ ಠಣ್ಣೆಂದು ಕಾಲಬುಡಕ್ಕೆ ಬಿತ್ತು. ಮೊಳ ಉದ್ದ, ಒಂದು ತುದಿ ಚೂಪು, ಇನ್ನೊಂದು ತುದಿಗೆ ಟೊಳ್ಳಾದ ಮರದ ಹಿಡಿ. ಕಾಫಿ ಗೋಡೌನಿನ ಕಡೆ ಸುಳಿಯದವರು ನೋಡಿದರೆ ಯಾರನ್ನೋ ತಿವಿಯಲು ಇಟ್ಟುಕೊಂಡಿದ್ದಾನೆ ಅಂದುಕೊಂಡಾರು. ತಿವಿಯುವುದಕ್ಕೇ, ಸುಳ್ಳೇನಲ್ಲ. ಮೂಟೆಯ ಹೊಟ್ಟೆಗೆ ಇದನ್ನು ಚುಚ್ಚಿದರೆ ಒಳಗಿನ ಕಾಳು ಕೊಳವೆಯಲ್ಲಿ ಜಾರಿ ಅಂಗೈಗೆ ಬರುತ್ತದೆ. ಬಾಯಿಯ ಹತ್ತಿರ ಒಳ್ಳೆ ಕಾಳು ತುಂಬಿ ತಳದಲ್ಲಿ ಹೊಟ್ಟು, ಕಡ್ಡಿ, ಕೆಲವೊಮ್ಮೆ ಕಲ್ಲನ್ನೂ ಇಟ್ಟು ತರುವವರಿದ್ದರಲ್ಲ, ಅವರನ್ನು ಹಿಡಿಯುವುದು ನನ್ನ ಕೆಲಸವಾಗಿತ್ತು. ಸಕಲೇಶಪುರದ ಒಬ್ಬ ಕಾಫಿ ವ್ಯಾಪಾರಿಯ ಗೋಡೌನಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಸ್ಯಾಂಪಲ್ ನೋಡುವವನಾಗಿ ದುಡಿದೆ. ನಾನು ಚುಚ್ಚದೆ ಬಿಟ್ಟ ಮೂಟೆ ಇಲ್ಲ. ನೆಂಟರ ಮೂಟೆಯನ್ನೂ ಚುಚ್ಚಿದ್ದೇನೆ, ನಮ್ಮ ಯಜಮಾನರ ಸ್ವಂತ ತೋಟದ ಮೂಟೆಯನ್ನೂ ಚುಚ್ಚಿದ್ದೇನೆ.

ಕೊಳವೆ ಕೈಗೆ ಬಂದದ್ದೇ ತಡ, ನನಗೆ ಇಬ್ರಾಹಿಂ ನೆನಪಾದ. ಅವನ ವಿಷಯ ಹೇಳಬೇಕೆಂದೇ ಕುಳಿತಿದ್ದೇನೆ. ನನ್ನ ಹಳೆಯ ಬೈಕನ್ನು ಕರೆಂಟಿನ ಬೈಕು ಮಾಡಿಸುವ ಭರದಲ್ಲಿ ನಲವತ್ತು ವರ್ಷದ ಸ್ನೇಹಿತನಿಗೆ ನಾನು ಏನು ಮಾಡಿದೆ ಅನ್ನುವುದು ವಿಷಯ. ಬೈಕು ಚೆನ್ನಾಗಿಯೇ ಓಡುತ್ತಿದೆ. ಅದರ ಬಗ್ಗೆ ನೀವು ಚಿಂತೆ ಮಾಡಬೇಡಿ.

ಅನುಮಾನ ನನಗೆ ಗೋಡೌನಿನಲ್ಲಿ ಹತ್ತಿದ ಚಟ ಎಂದು ಶಾಂತ ಹೇಳುತ್ತಾಳೆ. ಶಾಂತ ನನ್ನ ಹೆಂಡತಿ. ಅದು ತಪ್ಪು. ಇದು ನನಗೆ ಅವ್ವನಿಂದ ಬಂದದ್ದು. ಕೆ. ಹೊಸಕೋಟೆಯ ಸಂತೆಯಲ್ಲಿ ಅವ್ವ ಕಾಳು ಕೊಳ್ಳುವುದನ್ನು ನೀವು ನೋಡಬೇಕಿತ್ತು. ಅಂಗಡಿಯವನ ಸೇರನ್ನು ಕಿತ್ತುಕೊಂಡು ಅಡಿಮೇಲು ಮಾಡಿ, ಹೆಬ್ಬೆರಳಿನಿಂದ ಅದರ ತಳ ಒತ್ತಿ ನೋಡುವಳು. ತಳ ಒಳಕ್ಕೆ ತಗ್ಗಿದ್ದರೆ ಆವತ್ತು ಸಂತೆಯಲ್ಲಿ ಬೇರೆ ಯಾರೂ ಕೂಗಿ ವ್ಯಾಪಾರ ಮಾಡಬೇಕಾಗಿರಲಿಲ್ಲ, ಅವ್ವನ ಧ್ವನಿಯೊಂದೇ ಸಾಕಿತ್ತು. ಸೀಮೆಎಣ್ಣೆ ತಂದರೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೀರು ಬೆರೆತಿದೆಯೇ ಎಂದು ನೋಡುವಳು. ನಾನು ಜ್ವರ ಎಂದು ಮಲಗಿದರೆ ಹಣೆ ಮುಟ್ಟುತ್ತಿರಲಿಲ್ಲ, ಮೊದಲು ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡಿದ್ದೇನೆಯೇ ಎಂದು ಹುಡುಕುವಳು. ಎರಡು ಸಲ ಸಿಕ್ಕಿಯೂ ಇತ್ತು.

ಇಂಥ ತಾಯಿಯ ಮಗ ಮಗ್ಗೆಯ ಶಾಲೆಯಲ್ಲಿ ನಿಂಬೆಹಣ್ಣು ಚಮಚದ ಓಟದಲ್ಲಿ ಮೊದಲ ಬಹುಮಾನ ಗೆದ್ದರೆ ಏನು ಮಾಡಿಯಾನು? ಬಣ್ಣದ ಕಾಗದ ಸುತ್ತಿದ ಪೊಟ್ಟಣವನ್ನು ಹೆಡ್‌ಮಾಸ್ತರು ಕೈಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ವೇದಿಕೆಯ ಮೇಲೇ ಉಗುರಿನಿಂದ ಕಾಗದ ತೂತು ಮಾಡಿ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದೆ. ಸೋಪಿನ ಡಬ್ಬಿ ಇತ್ತು, ಸೋಪು ಇರಲಿಲ್ಲ. "ಸಾರ್, ಇದರಲ್ಲಿ ಸೋಪಿಲ್ಲ" ಎಂದೆ. ಮೈಕು ಆನ್ ಆಗಿಯೇ ಇತ್ತು.

ಹೆಣ್ಣು ನೋಡಲು ಹೋದದ್ದನ್ನು ಶಾಂತ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಅವಳ ತವರು ಹೆಗ್ಗದ್ದೆಯ ಕಡೆ. ಹುಡುಗಿ ತಲೆ ತಗ್ಗಿಸಿಕೊಂಡು ಕಾಫಿ ತಂದಿಟ್ಟಳು. ನಾನು ಒಂದು ಗುಟುಕು ಕುಡಿದು, ನಾಲಿಗೆಯ ಮೇಲೆ ಹೊರಳಿಸಿ, "ಚಿಕೋರಿ ಸ್ವಲ್ಪ ಜಾಸ್ತಿ ಆಗೈತೆ" ಎಂದುಬಿಟ್ಟೆನಂತೆ. "ಆವತ್ತು ಇವರು ಹುಡುಗಿ ನೋಡ್ಲೇ ಇಲ್ಲ ಕಣ್ರೀ, ಸ್ಯಾಂಪಲ್ ನೋಡಿ ಹೋದ್ರು" ಎನ್ನುವುದು ಅವಳ ಮಾತು. ನನ್ನನ್ನು ಯಾಕೆ ಒಪ್ಪಿದೆ ಎಂದು ಕೇಳಿದರೆ, ಸುಳ್ಳು ಹೇಳುವವನಲ್ಲ ಅನ್ನಿಸಿತು ಎನ್ನುತ್ತಾಳೆ. ಅದು ನಿಜವಾದ ಕಾರಣವೇ ಎಂದು ನನಗೆ ಇನ್ನೂ ಖಾತ್ರಿಯಾಗಿಲ್ಲ.

ಹೆಣ್ಣು ನೋಡಲು ಹೋದದ್ದು ಇದೇ ಬೈಕಿನಲ್ಲಿ. ಟೂ-ಸ್ಟ್ರೋಕ್ ಎಂಜಿನ್ನಿನ ಬೈಕು. ಮಗ್ಗೆಯಿಂದ ದಿನಾ ಗೋಡೌನಿಗೆ ನನ್ನನ್ನು ಹೊತ್ತದ್ದು, ಸ್ಯಾಂಪಲ್ ತರಲು ತೋಟದಿಂದ ತೋಟಕ್ಕೆ ಅಲೆದದ್ದು, ಹೆರಿಗೆಗೆ ಶಾಂತಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಎಲ್ಲ ಅದೇ. ಎರಡು ವರ್ಷದ ಹಿಂದೆ ಅದರ ಎಂಜಿನ್ ಹಿಡಿದುಕೊಂಡು ನಿಂತುಹೋಯಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಅದೇ ಸಮಯಕ್ಕೆ ನನ್ನ ಬಲಮಂಡಿಯೂ ಹಿಡಿದುಕೊಂಡಿತು. ಇನ್ನು ಕಿಕ್ಕರ್ ಒದೆಯಕೂಡದು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಹೊಸ ಸ್ಕೂಟರು ತೆಗೆದುಕೊಳ್ಳಿ ಎಂದು ಶಾಂತ ಹೇಳಿದಳು. ಹೊಸ ಸ್ಕೂಟರಿನ ಪ್ಲಾಸ್ಟಿಕ್ಕಿನ ಒಳಗೆ ಏನಿದೆಯೋ ಯಾರಿಗೆ ಗೊತ್ತು? ಈ ಬೈಕಿನ ಒಂದೊಂದು ತಗ್ಗೂ ನನಗೆ ಗೊತ್ತು, ಯಾವ ತಗ್ಗು ಯಾವ ದನದಿಂದ ಆದದ್ದು ಎನ್ನುವುದೂ ಗೊತ್ತು.

ಆಗ ಇಬ್ರಾಹಿಂ, "ಎಂಜಿನ್ ಬಿಚ್ಚಿ ಬಿಸಾಕು ಮಾರಾಯ, ಮೋಟರ್ ಕೂರಿಸಿ ಕೊಡ್ತೀನಿ" ಎಂದ.

ಇಬ್ರಾಹಿಂ ಸಕಲೇಶಪುರದಲ್ಲಿ ಗಾಡಿಗಳ ಕರೆಂಟ್ ಕೆಲಸದವನು. ಲಾರಿಯ ಡೈನಮೋ, ಜೀಪಿನ ಲೈಟು, ತೋಟದ ಪಂಪಿನ ಮೋಟರು ಎಲ್ಲ ಅವನ ಅಂಗಡಿಗೇ ಬರುತ್ತವೆ. ನಮ್ಮ ಗೋಡೌನಿನ ಎದುರು ಸಾಲಿನಲ್ಲಿ ಅವನ ಅಂಗಡಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಇಬ್ಬರೂ ಒಂದೇ ಬೆಂಚಿನ ಮೇಲೆ ಚಹಾ ಕುಡಿಯಲು ಶುರುಮಾಡಿದವರು. ಕರೆಂಟಿನ ಬೈಕು ಮಾಡುವುದನ್ನು ಅವನು ಎಲ್ಲಿಗೋ ಹೋಗಿ ಹದಿನೈದು ದಿನ ಕಲಿತು ಬಂದಿದ್ದ. ನನ್ನದೇ ಮೊದಲನೆಯ ಬೈಕು. "ನಿಂದು ಓಡಿದ್ರೆ ಊರೆಲ್ಲ ನೋಡ್ತೈತೆ, ಮಜೂರಿ ಬೇಡ" ಎಂದ. ಮಜೂರಿ ಬೇಡ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬೇಡ ಅನ್ನುವವನಿಗೆ ಇನ್ನೆಲ್ಲಿಂದಲೋ ಬರುತ್ತಿರಬೇಕು!

ಸಾಮಾನು ಆರಿಸುವ ಕೆಲಸ ಹಾಗೆ ಶುರುವಾಯಿತು. ಮೂರು ತಿಂಗಳು ಹಿಡಿಯಿತು. ಎಂದೂ ಮೊಬೈಲ್ ನೋಡದ ನಾನು ಬೆಳಗಾದರೆ ವೀಡಿಯೋ ನೋಡುತ್ತಾ ಕೂರುತ್ತಿದ್ದೆ. ಅದರಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಸುಳ್ಳು ಎನ್ನುತ್ತಿದ್ದ, ನನಗೆ ಇಬ್ಬರ ಮೇಲೂ ಅನುಮಾನ.

ಮೊದಲು ಮೋಟರಿನ ಜಗಳ. ಚಕ್ರದೊಳಗೇ ಕೂರುವ ಮೋಟರು ಒಂದು ಬಗೆ. ಎಂಜಿನ್ ಇದ್ದ ಜಾಗದಲ್ಲಿ ಕೂತು ಚೈನಿನಿಂದ ಚಕ್ರ ತಿರುಗಿಸುವುದು ಇನ್ನೊಂದು ಬಗೆ. ಚಕ್ರದ್ದು ಅಗ್ಗ, ಕೂರಿಸುವುದು ಸುಲಭ. ಮಾರುವವನು ಫೋನಿನಲ್ಲಿ, ಯಾವ ಬೆಟ್ಟವನ್ನಾದರೂ ಹತ್ತುತ್ತದೆ ಸಾರ್ ಎಂದು ಆಣೆ ಹಾಕಿದ.

"ಅವ್ನು ಯಾವ ಬೆಟ್ಟ ನೋಡವ್ನೆ?" ಎಂದ ಇಬ್ರಾಹಿಂ. "ಅವ್ನ ಊರಲ್ಲಿ ಫ್ಲೈಓವರ್ರೇ ಬೆಟ್ಟ. ಹೆಗ್ಗದ್ದೆ ಏರಲ್ಲಿ ನಿನ್ನನ್ನೂ ಶಾಂತಕ್ಕನ್ನೂ ಹೊತ್ಕೊಂಡು ಹತ್ತೋವಾಗ ಅದು ದೋಸೆಕಲ್ಲು ಕಾದಂಗೆ ಕಾದ್ಬುಡ್ತೈತೆ. ಚೈನಿನ ಮೋಟರೇ ಸೈ."

"ಚೈನಿಂದಕ್ಕೆ ನಿಂಗೆ ಕೆಲಸ ಜಾಸ್ತಿ. ಆದ್ರೂ ಅದನ್ನೇ ಹಾಕು ಅಂತೀಯಲ್ಲ, ಯಾಕೆ?"

"ಅದೇ ಹತ್ತೋದು, ಅದಕ್ಕೆ."

ಇಷ್ಟು ಸರಳವಾದ ಉತ್ತರವನ್ನು ನಾನು ಮೂವತ್ತು ವರ್ಷದಲ್ಲಿ ಯಾರಿಂದಲೂ ಒಪ್ಪಿಕೊಂಡವನಲ್ಲ. ಮೂರು ಬೇರೆ ಬೇರೆ ಊರಿನ ಅಂಗಡಿಗಳಿಗೆ ಫೋನು ಮಾಡಿ, ಹೆಸರು ಬದಲಿಸಿ ಹೇಳಿ, ಅದೇ ಪ್ರಶ್ನೆ ಕೇಳಿದೆ. ಮೂವರೂ ಇಬ್ರಾಹಿಂ ಹೇಳಿದ್ದನ್ನೇ ಹೇಳಿದರು. ಮೂವರೂ ಮಾತಾಡಿಕೊಂಡಿರಬಹುದೇ ಎಂದು ಒಂದು ದಿನ ಯೋಚಿಸಿ ಕೊನೆಗೆ ಒಪ್ಪಿದೆ.

ಆಮೇಲೆ ಕಂಟ್ರೋಲರ್ ಬಂತು. ಆಕ್ಸಿಲರೇಟರ್ ತಿರುವಿದಷ್ಟಕ್ಕೆ ತಕ್ಕಂತೆ ಮೋಟರಿಗೆ ಕರೆಂಟು ಬಿಡುವ ಪೆಟ್ಟಿಗೆ ಅದು. ಅಲ್ಯೂಮಿನಿಯಂ ಡಬ್ಬಿ, ಒಳಗೆಲ್ಲ ಕಪ್ಪು ಅಂಟು ಹುಯ್ದು ಗಟ್ಟಿ ಮಾಡಿದ್ದರು. ಒಳಗೇನಿದೆ ಎಂದು ನೋಡಲು ಸಾಧ್ಯವೇ ಇಲ್ಲ! ಒಣಗಿದ ಕಾಫಿ ಹಣ್ಣನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು, ಅಂದರೆ ಸರಿಯಾಗಿ ಒಣಗಿದೆ ಎಂದರ್ಥ. ಆ ಅಭ್ಯಾಸದಲ್ಲಿ ಕಂಟ್ರೋಲರನ್ನೂ ಕಿವಿಗೆ ಹಿಡಿದು ಅಲುಗಿಸಿದೆ. ಸದ್ದಿಲ್ಲ. "ಗಲಗಲ ಅಂದ್ರೆ ಕೆಟ್ಟೈತೆ ಅಂತ ಕಣೋ ಗೌಡ!" ಎಂದು ಇಬ್ರಾಹಿಂ ಬಿದ್ದು ಬಿದ್ದು ನಕ್ಕ. ಅಂಟು ಹುಯ್ಯುವುದು ಮಳೆನೀರು ಹೋಗದಿರಲಿ ಎಂದು, ನಮ್ಮೂರ ಮಳೆಗೆ ಅಂಥದ್ದೇ ಬೇಕು ಎಂದ. ವೈರಿನ ತಾಮ್ರ ಅಸಲಿಯೇ ಎಂದು ನೋಡಲು ನಾನು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದನ್ನು ಮಾತ್ರ ಅವನಿಗೆ ಹೇಳಲಿಲ್ಲ. ಕಾಳಿನ ತೇವ ನೋಡಲು ಕಚ್ಚುವುದು ನಮ್ಮ ಪದ್ಧತಿ. ಹಲ್ಲಿನ ಗುರುತು ಬಿದ್ದರೆ ಹಸಿ ಇದೆ ಎಂದು ತಿಳಿಯಬೇಕು.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಬ್ಯಾಟರಿಯ ಹತ್ತಿರ ಬಂದಾಗ ತಮಾಷೆ ಮುಗಿಯಿತು.

ಇಬ್ರಾಹಿಂ ಆರಿಸಿದ ಬ್ಯಾಟರಿಯನ್ನು ಇಬ್ಬರು ಸೇರಿ ಎತ್ತಬೇಕಿತ್ತು. ನೀಲಿ ಕಬ್ಬಿಣದ ಪೆಟ್ಟಿಗೆ. ನಾನು ಫೋನಿನಲ್ಲೇ ಇನ್ನೊಬ್ಬ ಮಾರಾಟಗಾರನನ್ನು ಹಿಡಿದು ಒಂದನ್ನು ತರಿಸಿದ್ದೆ. ಅದರ ಮೇಲೂ ಅದೇ ಅಂಕಿ, ಅಷ್ಟೇ ದೊಡ್ಡ ಪೆಟ್ಟಿಗೆ. ತೂಕ ಮಾತ್ರ ಅರ್ಧ, ಒಂದೇ ಕೈಯಲ್ಲಿ ಎತ್ತಬಹುದಿತ್ತು. ನಿಮಗೆ ಕಾಫಿಯ ವ್ಯವಹಾರ ಗೊತ್ತಿಲ್ಲದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಒಂದೇ ಅಳತೆಯ ಎರಡು ಮೂಟೆಗಳಲ್ಲಿ ಒಂದು ಭಾರವಾಗಿದ್ದರೆ ಅದಕ್ಕೆ ಹಿಂದಿನ ಸಂಜೆ ನೀರು ಚಿಮುಕಿಸಿದ್ದಾರೆ ಎಂದೇ ನಾವು ತಿಳಿಯುವುದು. ಹಗುರ ಅಂದರೆ ಒಣಗಿದ್ದು, ಒಣಗಿದ್ದು ಅಂದರೆ ಪ್ರಾಮಾಣಿಕವಾದದ್ದು. ಭಾರದ ಮೂಟೆ ಕಂಡರೆ ನನ್ನ ಕೈ ತಾನಾಗಿಯೇ ಕೊಳವೆಯ ಕಡೆ ಹೋಗುತ್ತಿತ್ತು. ಹೀಗೆ ಬೆಳೆದವನ ಮುಂದೆ ಒಂದು ಭಾರದ ಬ್ಯಾಟರಿ, ಒಂದು ಹಗುರದ ಬ್ಯಾಟರಿ ಇಟ್ಟರೆ ಅವನು ಯಾವುದನ್ನು ಎತ್ತಿಕೊಳ್ಳುತ್ತಾನೆ, ನೀವೇ ಹೇಳಿ.

"ಇದು ಕಾಫಿ ಅಲ್ಲ ಮಾರಾಯ" ಎಂದ ಇಬ್ರಾಹಿಂ. "ಹಗುರ ಇರೋ ಜಾತಿನೂ ಐತೆ, ಇಲ್ಲ ಅನ್ನಲ್ಲ. ಆದ್ರೆ ಇಷ್ಟೊಂದು ಹಗುರ ಇರಾಕಿಲ್ಲ. ಅದೂ ಅಲ್ದೆ ಆರ್‌ಟಿಓ ಕಾಗದದಲ್ಲಿ ಈ ಮೋಟರ್ ಕಿಟ್ಟಿನ ಜೊತೆ ಬರೋ ಬ್ಯಾಟರಿನೇ ಬರೆಸಿರೋದು."

"ಕಾಗದ ಬದಲಾಯಿಸಿದ್ರಾಯ್ತು."

"ಹಂಗಾದ್ರೆ ಒಂದು ಕೆಲಸ ಮಾಡಣ. ಬಲ್ಬ್ ಹಾಕಿ ಪೂರ್ತಿ ಚಾರ್ಜು ಇಳಿಸಿ ನೋಡಣ. ಎಷ್ಟು ಹೊತ್ತು ಉರೀತೈತೋ ನೋಡಿದ್ರೆ ಒಳಗೆಷ್ಟೈತೆ ಅಂತ ಗೊತ್ತಾಗ್ಬುಡ್ತೈತೆ."

ಇಡೀ ಮೂಟೆಯನ್ನು ಚುಚ್ಚಿ ನೋಡುವುದಕ್ಕೆ ಸಮನಾದ ಪರೀಕ್ಷೆ ಅದು. ಮೂವತ್ತು ವರ್ಷ ಬೇರೆಯವರ ಮೂಟೆ ಚುಚ್ಚಿದ ನಾನು, ಹೊಸ ಬ್ಯಾಟರಿಯನ್ನು ಸುಮ್ಮನೆ ಖಾಲಿ ಮಾಡಿ ಹಾಳು ಮಾಡಬೇಡ ಎಂದೆ. ಹೇಳಬಾರದ ಇನ್ನೊಂದು ಮಾತನ್ನೂ ಹೇಳಿದೆ.

"ಆ ನೀಲಿ ಪೆಟ್ಟಿಗೆ ಮಾರಿಸಿಕೊಟ್ರೆ ನಿಂಗೆಷ್ಟು ಸಿಗ್ತೈತೆ?"

ಇಬ್ರಾಹಿಂ ನನ್ನ ಮುಖವನ್ನೇ ನೋಡಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ, ಮತ್ತೆ ತೆಗೆದುಕೊಂಡ. ನಾನು ತರಿಸಿದ ಹಗುರ ಬ್ಯಾಟರಿಯನ್ನೇ ಎತ್ತಿ, ಬೈಕಿಗೆ ಕೂರಿಸಿ, ನಾಲ್ಕೂ ನಟ್ಟು ಬಿಗಿ ಮಾಡಿದ. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಉತ್ತರ ಇಲ್ಲದವನು ಹೀಗೆಯೇ ಸುಮ್ಮನಾಗುವುದು ಎಂದು ನಾನು ಒಳಗೊಳಗೇ ಬೀಗಿದೆ. ಗೋಡೌನಿನಲ್ಲಿ ಸಿಕ್ಕಿಬಿದ್ದವರೂ ಸುಮ್ಮನಾಗುತ್ತಿದ್ದರು. ಮನಸ್ಸು ನೊಂದವನೂ ಹಾಗೆಯೇ ಸುಮ್ಮನಾಗುತ್ತಾನೆ ಎನ್ನುವುದು ನನ್ನ ಮೂವತ್ತು ವರ್ಷದ ಅನುಭವದಲ್ಲಿ ಬಂದಿರಲಿಲ್ಲ.

ನಾನು ಹೊರಡುವಾಗ ಒಂದೇ ಒಂದು ಮಾತು ಕೇಳಿದ. "ಶಾಂತಕ್ಕನ್ನ ಕರ್ಕೊಂಡು ಹೆಗ್ಗದ್ದೆಗೆ ಯಾವಾಗ ಹೋಗ್ತೀಯ?"

"ಭಾನುವಾರ, ತಿಂಡಿ ತಿಂದು. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಯಾರಾದರೂ ಏನನ್ನಾದರೂ ಕೇಳುತ್ತಾರೆಯೇ? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಮನೆಗೆ ಬಂದೆ.

ಭಾನುವಾರ ಬಂತು. ಹೆಗ್ಗದ್ದೆಯಲ್ಲಿರುವ ತನ್ನ ಅಕ್ಕನ ಮನೆಗೆ ಎಂದು ಶಾಂತ ಹೊಸ ಸೀರೆ ಉಟ್ಟು, ಚಕ್ಕುಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಸಕಲೇಶಪುರ ದಾಟುವವರೆಗೆ ನಾನು ರಾಜಕುಮಾರನಾಗಿದ್ದೆ. ಸದ್ದಿಲ್ಲ, ಹೊಗೆಯಿಲ್ಲ, ಮಂಡಿನೋವಿಲ್ಲ. ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಎಂಜಿನ್ನಿನ ಗದ್ದಲದಲ್ಲಿ ಇಷ್ಟು ವರ್ಷ ಕೇಳಿಸದಿದ್ದ ಜೇನುಹುಳದ ಸದ್ದು ಬೇಲಿಯಾಚೆಯಿಂದ ಕೇಳಿಸಿತು. "ರೀ, ಹಿಂಗೆ ಮಾತಾಡ್ಕೊಂಡು ಹೋಗ್ಬೌದು ಅಂತ ಗೊತ್ತೇ ಇರ್ಲಿಲ್ಲ ನೋಡಿ" ಎಂದಳು ಶಾಂತ. ನಲವತ್ತು ವರ್ಷದಲ್ಲಿ ಬೈಕಿನ ಮೇಲೆ ನಾವು ಆಡಿದ ಮೊದಲ ಮಾತುಕತೆ ಅದು. ನೋಡು, ನನ್ನ ಆಯ್ಕೆ ಹೇಗಿದೆ ಎಂದು ಜಂಬ ಕೊಚ್ಚಿದೆ.

ಹೆಗ್ಗದ್ದೆಗೆ ಇನ್ನೂ ಸಾಕಷ್ಟು ದೂರವಿತ್ತು. ಎರಡನೆಯ ತಿರುವಿನ ಕಡಿದಾದ ಏರಿನಲ್ಲಿ ಬೈಕು ಒಮ್ಮೆ ಮುಗ್ಗರಿಸಿತು. ಮತ್ತೆ ಹೊರಟು ನಾಲ್ಕು ಮಾರು ಹೋಗಿ ಪೂರ್ತಿ ನಿಂತಿತು. ಮೀಟರು ಮಾತ್ರ ಅರ್ಧ ಚಾರ್ಜು ಇದೆ ಎಂದು ತೋರಿಸುತ್ತಿತ್ತು. ಶಾಂತ ಇಳಿದಳು, ನಾನು ಇಳಿದೆ. ಬೈಕು ಹಿಂದಕ್ಕೆ ಜಾರದಂತೆ ಚಕ್ರಕ್ಕೊಂದು ಕಲ್ಲು ಕೊಟ್ಟೆವು. ಸುತ್ತ ಕಾಡು. ಫೋನಿಗೆ ಸಿಗ್ನಲ್ ಇಲ್ಲ.

ಹತ್ತು ನಿಮಿಷವೂ ಆಗಿರಲಿಲ್ಲ, ಕೆಳಗಿನ ತಿರುವಿನಿಂದ ಒಂದು ಜೀಪು ಬಂತು. ಇಬ್ರಾಹಿಮನದು.

"ಈ ಕಡೆ ಒಂದು ಪಂಪಿನ ಕೆಲಸ ಇತ್ತು" ಎನ್ನುತ್ತಾ ಇಳಿದ. ಮುಖ ನೋಡದೆ ಹೇಳಿದ. ಜೀಪಿನ ಹಿಂದೆ ಟಾರ್ಪಾಲು ಹೊದಿಸಿದ ಒಂದು ಪೆಟ್ಟಿಗೆಯಿತ್ತು. ಪಕ್ಕದಲ್ಲಿ ಹಗ್ಗ, ಒಂದು ಹಲಗೆ, ಸ್ಪ್ಯಾನರುಗಳ ಚೀಲ. ನನ್ನ ಕಣ್ಣು ಎಲ್ಲವನ್ನೂ ಒಂದೊಂದಾಗಿ ನೋಡಿತು. ಪಂಪಿನ ಕೆಲಸಕ್ಕೆ ಬೈಕು ಏರಿಸುವ ಹಲಗೆ ಯಾಕೆ? ಭಾನುವಾರ ಯಾವ ಪಂಪಿನ ಕೆಲಸ? ನಾವು ಯಾವಾಗ ಹೊರಡುತ್ತೇವೆ ಎಂದು ಮೊದಲೇ ಕೇಳಿ ಇಟ್ಟುಕೊಂಡಿದ್ದನಲ್ಲ! ಎಲ್ಲವೂ ಟಕಟಕನೆ ಕೂಡಿಕೊಂಡಿತು. ಮೂಟೆಯ ತಳ ಕೈಗೆ ಸಿಕ್ಕಿತು ಎಂದುಕೊಂಡೆ.

"ನಾವು ಇಲ್ಲಿ ನಿಲ್ತೀವಿ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಗೊತ್ತಿರ್ಲಿಲ್ಲ. ಕೆಲಸ ಇತ್ತು ಅಂದ್ನಲ್ಲ."

"ಸುಳ್ಳು ಹೇಳ್ಬೇಡ. ನೀನೇ ಏನೋ ಮಾಡಿಟ್ಟಿದ್ದೀಯ. ನಿನ್ನ ಬ್ಯಾಟರಿ ತಗೊಳ್ಲಿಲ್ಲ ಅಂತ ನನ್ನ ಬ್ಯಾಟರಿಗೆ ಏನೋ ಮಾಡಿದ್ದೀಯ. ನಿಲ್ಲೋದು ಎಲ್ಲಿ ಅಂತ ನಿಂಗೆ ಗೊತ್ತಿತ್ತು, ಅದಕ್ಕೇ ಹಿಂದೆ ಬಂದೆ."

"ರೀ! ಏನ್ ಮಾತಾಡ್ತಿದ್ದೀರಾ?" ಎಂದಳು ಶಾಂತ. ಅವಳ ಮುಖ ಕೆಂಪಾಗಿತ್ತು. "ಇಬ್ರಾಹಿಮಣ್ಣ, ತಪ್ಪು ತಿಳ್ಕೋಬೇಡಿ."

ಇಬ್ರಾಹಿಂ ಜೀಪಿನ ಹಿಂದಕ್ಕೆ ಹೋದ. ಹಲಗೆ ಇಳಿಸಿದ. "ಶಾಂತಕ್ಕ, ನೀವು ಕೂತ್ಕೊಳ್ಳಿ, ಮನೆ ತಂಕ ಬಿಟ್ಟು ಹೋಗ್ತೀನಿ. ಬೈಕು ಅಂಗಡಿಗೆ ತಗೊಂಡು ಹೋಗಿ ನೋಡ್ತೀನಿ" ಎಂದ. ನಾನು ಬೈಕನ್ನು ಬಿಟ್ಟೆ, ಬ್ಯಾಟರಿಯನ್ನು ಬಿಡಲಿಲ್ಲ. ಬದಲಾಯಿಸಿಬಿಟ್ಟರೆ ಎಂದು ಅವನ ಎದುರಿಗೇ, ಅವನದೇ ಸ್ಪ್ಯಾನರಿನಿಂದ ಬಿಚ್ಚಿಕೊಂಡೆ. ಬೈಕನ್ನು ಹಲಗೆಯ ಮೇಲೆ ತಳ್ಳಿ ಜೀಪಿನ ಹಿಂದಕ್ಕೆ ಏರಿಸಿದೆವು. ಮುಂದಿನ ಸೀಟಿನಲ್ಲಿ ಮೂವರು. ಅವನು ಗೇರು ಹಾಕುತ್ತಿದ್ದ, ಶಾಂತ ನಡುವೆ ಮುದುಡಿ ಕೂತಿದ್ದಳು, ಬ್ಯಾಟರಿ ನನ್ನ ತೊಡೆಯ ಮೇಲಿತ್ತು. ಅಕ್ಕನ ಮನೆಯ ಮುಂದೆ ಇಳಿಸಿದಾಗ ಅಕ್ಕ ಒಳಗಿನಿಂದ ಕಾಫಿ ಎಂದು ಕೂಗಿದರು. "ಇನ್ನೊಂದಿನ ಕುಡಿತೀನಿ ಅಕ್ಕ" ಎಂದು ಜೀಪು ತಿರುಗಿಸಿಕೊಂಡು ಹೋದ. ಅವನು ಯಾವ ತೋಟದ ಕಡೆಗೂ ಹೋಗಲಿಲ್ಲ, ಬಂದ ದಾರಿಯಲ್ಲೇ ಇಳಿದ. ಅದನ್ನೂ ನಾನು ಗಮನಿಸಿದೆ. ಅಂದರೆ ಕೆಲಸದ ಮಾತು ಸುಳ್ಳು ಎಂದು ಖಾತ್ರಿಯಾಯಿತು.

ಊಟಕ್ಕೂ ಕೂರದೆ ಬ್ಯಾಟರಿಯನ್ನು ಕಾಫಿ ಒಣಗಿಸುವ ಕಣಕ್ಕೆ ಒಯ್ದೆ. ಅಕ್ಕನ ಮನೆಯ ಸ್ಕ್ರೂಡ್ರೈವರು ಕೇಳಿದೆ. ಬೆಂಕಿ ಹತ್ತೀತು, ಮುಟ್ಟಬೇಡಿ ಎಂದು ಶಾಂತ ದೂರದಿಂದ ಕೂಗುತ್ತಿದ್ದಳು. ಇಬ್ರಾಹಿಂ ಮಾಡಿದ ಕಿತಾಪತಿ ಏನೆಂದು ಕಣ್ಣಾರೆ ನೋಡಲೇಬೇಕಿತ್ತು ನನಗೆ. ಮುಚ್ಚಳದ ಮೇಲೆ ಕಂಪನಿಯ ಸ್ಟಿಕ್ಕರು ಹರಿಯದೆ ಹಾಗೆಯೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಅದನ್ನು ಹರಿದು ಮುಚ್ಚಳ ತೆಗೆದೆ. ಮೇಲಿನ ಸಾಲಿನಲ್ಲಿ ಬೆರಳುದ್ದದ ಸೆಲ್ಲುಗಳು ಒತ್ತಾಗಿ ಜೋಡಿಸಿದ್ದವು, ನೋಡಲು ಅಚ್ಚುಕಟ್ಟು. ಅವುಗಳ ಪಕ್ಕದಿಂದ ಕೈ ಇಳಿಸಿದೆ. ಎರಡನೆಯ ಸಾಲೇ ಇರಲಿಲ್ಲ. ಅಲ್ಲಿಂದ ತಳದವರೆಗೂ ಥರ್ಮಕೋಲು! ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಬಿಳಿ ಥರ್ಮಕೋಲನ್ನು ಅಳತೆಗೆ ಕತ್ತರಿಸಿ ತುಂಬಿದ್ದರು.

ನಾನು ಕಣದ ಮೇಲೆ ಕೂತುಬಿಟ್ಟೆ. ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಾರಿದವನ ನೆನಪೇ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಜೀಪಿನ ಹಿಂದಿದ್ದ ಹಲಗೆ. ಇಬ್ರಾಹಿಮನಿಗೆ ಈ ಬ್ಯಾಟರಿಯನ್ನು ಎತ್ತಿದ ಕ್ಷಣವೇ ಗೊತ್ತಾಗಿತ್ತು. ಇದು ಹೆಗ್ಗದ್ದೆಯ ಏರು ಹತ್ತುವುದಿಲ್ಲ ಎಂದೂ ಗೊತ್ತಿತ್ತು. ಹೇಳಿದರೆ ನಾನು ಕೇಳುವುದಿಲ್ಲ ಎಂದು ತಿಳಿದು, ಭಾನುವಾರ ಅಂಗಡಿ ಮುಚ್ಚಿ, ಕಾಡಿನ ನಡುವೆ ನಾವು ಅನಾಥರಾಗಬಾರದೆಂದು ನಮ್ಮ ಹಿಂದೆ ಹಿಂದೆಯೇ ಬಂದಿದ್ದ. ನಾನು ಅದನ್ನೇ ಹಿಡಿದು ಅವನಿಗೆ ಕಳ್ಳನ ಪಟ್ಟ ಕಟ್ಟಿದ್ದೆ. ಹೆಂಡತಿಯ ಎದುರಿಗೆ, ನಡುರಸ್ತೆಯಲ್ಲಿ. ನನಗೆ ನಾಚಿಕೆಯಾಯಿತು. ಇಂಥ ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಶಾಂತ ಹತ್ತಿರ ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೊದಲ ಬಸ್ಸಿಗೇ ಹೋದೆ. ಥರ್ಮಕೋಲನ್ನು ಒಂದು ಚೀಲದಲ್ಲಿ ಹಾಕಿಕೊಂಡಿದ್ದೆ. ಅಂಗಡಿಯ ಮುಂದೆ ನನ್ನ ಬೈಕು ತೊಳೆಸಿಕೊಂಡು ನಿಂತಿತ್ತು, ಅದರಲ್ಲಿ ನೀಲಿ ಪೆಟ್ಟಿಗೆ ಕೂತಿತ್ತು. ಇಬ್ರಾಹಿಂ ಯಾವುದೋ ಡೈನಮೋ ಬಿಚ್ಚುತ್ತಿದ್ದ. ನಾನು ಚೀಲವನ್ನು ಅವನ ಕಾಲ ಬಳಿ ಸುರಿದೆ. ನೋಡಿದ. ನಗಲಿಲ್ಲ. ಅವನು ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನ್ನೆ ಟಾರ್ಪಾಲಿನ ಕೆಳಗಿದ್ದದ್ದು ಇದೇ ನೀಲಿ ಬ್ಯಾಟರಿನಾ?" ಎಂದು ಕೇಳಿದೆ.

"ಹೂಂ. ಅಲ್ಲೇ ಹಾಕಿಕೊಡಣ ಅಂತ ತಂದಿದ್ದೆ."

"ನಿಂಗೆ ಗೊತ್ತಿತ್ತಲ್ಲ ಇಬ್ರಾಹಿಂ. ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಬಲ್ಬ್ ಹಾಕಿ ನೋಡಣ ಅಂದ್ನಲ್ಲ."

"ಗಟ್ಟಿಯಾಗಿ ಹೇಳ್ಬೇಕಿತ್ತು. ಹೊಡೆದು ಹೇಳ್ಬೇಕಿತ್ತು."

"ಗಟ್ಟಿಯಾಗಿ ಹೇಳಿದಷ್ಟೂ ನಿಂಗೆ ಅನುಮಾನ ಜಾಸ್ತಿ ಆಗ್ತಿತ್ತು ಕಣೋ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ನನ್ನ ಸ್ವಭಾವ ಹೀಗೇ ಎಂದು ತಿಳಿದವನ ಹಾಗೆ ಹೇಳಿದ. "ಬೇರೆಯವ್ರು ಯಾರಾದ್ರೂ ಅಂದಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ. ನಿನ್ನ ಬಾಯಲ್ಲಿ ಬಂತಲ್ಲ."

ತಪ್ಪಾಯಿತು ಎಂದೆ. ಇರಲಿ ಬಿಡು ಎಂದ. ಮತ್ತೊಮ್ಮೆ ತಪ್ಪಾಯಿತು ಎಂದೆ. "ಇರ್ಲಿ ಬಿಡು ಅಂದ್ನಲ್ಲ ಗೌಡ" ಎಂದು ಡೈನಮೋ ಕಡೆ ತಿರುಗಿದ. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಚಹಾಕ್ಕೆ ಹೋಗೋಣ ಎಂದು ಕರೆಯುತ್ತಾನೇನೋ ಎಂದು ಕಾದೆ. ಕೆಲಸ ತುಂಬಾ ಇತ್ತು ಅವನಿಗೆ. ಇತ್ತು ಎಂದೇ ನಂಬಿದ್ದೇನೆ, ಈ ಒಂದು ವಿಷಯದಲ್ಲಿ ಪರೀಕ್ಷೆ ಮಾಡಲು ಹೋಗಿಲ್ಲ.

ಈಗಲೂ ಸಿಕ್ಕರೆ ಮಾತಾಡುತ್ತಾನೆ. ಬೈಕು ಹೇಗಿದೆ, ಮಂಡಿ ಹೇಗಿದೆ ಎಂದು ಕೇಳುತ್ತಾನೆ. ಅವನ ಅಂಗಡಿಯಲ್ಲಿ ಈಗ ಕರೆಂಟಿನ ಬೈಕಿನ ಕೆಲಸ ಚೆನ್ನಾಗಿ ನಡೆಯುತ್ತಿದೆ. ಬಂದವರಿಗೆ ನನ್ನ ಬೈಕನ್ನೇ ತೋರಿಸುತ್ತಾನೆ. ಥರ್ಮಕೋಲಿನ ವಿಷಯವನ್ನು ಇದುವರೆಗೂ ಯಾರಿಗೂ ಹೇಳಿಲ್ಲ. ಅವನು ಹೇಳಿ ನಾಲ್ಕು ಜನರ ಮುಂದೆ ನನ್ನನ್ನು ನಗೆಪಾಟಲು ಮಾಡಲಿ ಎಂದು ನಾನು ಕಾಯುತ್ತಲೇ ಇದ್ದೇನೆ.

ಕಳೆದ ತಿಂಗಳು ಒಬ್ಬನೇ ಹೆಗ್ಗದ್ದೆಗೆ ಹೋದೆ. ನೀಲಿ ಬ್ಯಾಟರಿ ಭಾರವಾಗಿದ್ದರೂ ಬೈಕು ಏರನ್ನು ಸಲೀಸಾಗಿ ಹತ್ತಿತು. ಎರಡನೆಯ ತಿರುವು ಬಂದಾಗ ನಾನೇ ಬ್ರೇಕು ಹಿಡಿದು ನಿಲ್ಲಿಸಿದೆ. ಮೀಟರಿನಲ್ಲಿ ಮುಕ್ಕಾಲು ಭಾಗ ಚಾರ್ಜು ಇತ್ತು. ಅದು ನಿಜವಾದ ಮುಕ್ಕಾಲು ಎಂದು ನನಗೆ ಗೊತ್ತಿತ್ತು. ಆದರೂ ಇಳಿದು, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು, ಕೆಳಗಿನ ತಿರುವನ್ನೇ ನೋಡುತ್ತಾ ಹತ್ತು ನಿಮಿಷ ಕಾದೆ.

ಯಾರೂ ಬರಲಿಲ್ಲ.